ನಮ್ಮ ಮಾಳಗಿ ಮನಿ ಕಲ್ತದ್ದೇನು, ಮರ್ತದ್ದೇನು

ಈ ಸಲ ಅಡಗಿ ವಿಷಯ ಬಿಟ್ಟು ಮನಿ ವಿಷಯ ಬರ್ಯಾಕತ್ತೀನಿ. ಮನಿ ಅಂದ್ರ ಮನಿಮಂದಿ ಅಲ್ಲರೀ, ಗ್ವಾಡಿ, ಮಾಳಗಿ, ಕಿಡಕಿ, ಒಲಿ.

ಈ ವರ್ಷ ನಮ್ಮ ಓಣ್ಯಾಗ ಮೂರು ಹಳೇ ಮನಿ ಕೆಡವ್ಯಾರ. ಇನ್ನೆರಡು ಮನ್ಯಾಗ ಮಾತುಕತಿ ನಡದದ, ಅದ್ರಾಗ ನಮ್ಮದೂ ಒಂದು. ಹುಡುಗರು "ಕೆಡವಿ ಸ್ಲ್ಯಾಬ್ ಹಾಕೋಣು" ಅಂತಾರ. ಹಿರ್ಯಾರು "ಹಿರೇರು ಕಟ್ಟಿದ ಮನಿ, ಮುಟ್ಟಬ್ಯಾಡ್ರಿ" ಅಂತಾರ. ಇಬ್ಬರ ಮಾತಿನ್ಯಾಗೂ ಅರ್ಧರ್ಧ ಖರೆ ಅದ. ಯಾವ ಅರ್ಧ ಖರೆ ಅಂತ ತಿಳೀಬೇಕಂದ್ರ ನಮ್ಮ ಸೀಮಿ ಮನಿಗಳ ಇತಿಹಾಸ ಸ್ವಲ್ಪ ಗೊತ್ತಿರಬೇಕು. ಮನಿ ಕಟ್ಟೂದು ಗಂಡಸರ ವ್ಯವಹಾರ ಅಂತ ನಾವು ಸುಮ್ನ ಕೂಡ್ತೀವಿ. ಆದ್ರ ಹಗಲೆಲ್ಲಾ ಆ ಗ್ವಾಡಿ ನಡುವ ಇರಾವ್ರು ನಾವು. ಹೊಗಿ ಕುಡಿಯಾವ್ರು ನಾವು, ಸೋರಿದ್ರ ಪಾತೇಲಿ ಇಡಾವ್ರೂ ನಾವು.

ಎರಿ ಭೂಮಿ ಸೀಮ್ಯಾಗ, ಅಂದ್ರ ನವಲಗುಂದ, ರೋಣದಿಂದ ಹಿಡದು ಬಾಗಲಕೋಟಿ, ವಿಜಯಪುರ, ಕಲಬುರ್ಗಿ ತನಕ, ಹಳೇ ಮನಿ ಅಂದ್ರ ಮಾಳಗಿ ಮನಿನ. ಕಲ್ಲು-ಮಣ್ಣಿಂದು ಇಲ್ಲಾ ಬರೇ ಮಣ್ಣಿಂದು, ಎರಡು-ಮೂರು ಫೂಟು ದಪ್ಪನ ಗ್ವಾಡಿ. ಒಳಗ ಕಟ್ಟಿಗಿ ಕಂಬ, ಕಂಬದ ಮ್ಯಾಲ ತೊಲಿ, ತೊಲಿ ಮ್ಯಾಲ ಜಂತಿ, ಜಂತಿ ಮ್ಯಾಲ ಸಣ್ಣ ಕಟ್ಟಿಗಿ, ಅದರ ಮ್ಯಾಲ ತಪ್ಪಲ, ಕಡೀಕ ಮಣ್ಣು. ಮಳಿಗಾಲಕ್ಕ ಮುಂಚೆ ನೀರು ಇಂಗದಂಥಾ ಮಣ್ಣು ನೋಡಿ ತಂದು ಮಾಳಗಿ ಮ್ಯಾಲ ಹಾಕಿ ತುಳಿಯೂದು. ಬೆಳಕಿಗೆ, ಗಾಳಿಗೆ ಮಾಳಗ್ಯಾಗ ಒಂದು ಬೆಳಕಿಂಡಿ. ಮಳಿ ಬಂದ್ರ ಓಡಿ ಹೋಗಿ ಅದನ್ನ ಮುಚ್ಚೂದು ಮನಿ ಹುಡುಗರ ಕೆಲಸ.

ಈ ಮನಿ ಬ್ಯಾಸಗ್ಯಾಗ ಯಾಕ ತಂಪಿರ್ತಿತ್ತು ಅಂದ್ರ, ದಪ್ಪ ಮಣ್ಣು ಬಿಸಿಲನ್ನ ಭಾಳ ನಿಧಾನಕ್ಕ ಒಳಗ ಬಿಡ್ತದ. ಹಗಲಿನ ಕಾವು ಗ್ವಾಡಿ ದಾಟಿ ಒಳಗ ಮುಟ್ಟೂದ್ರಾಗ ರಾತ್ರಿ ಆಗಿರ್ತದ, ಅಷ್ಟೊತ್ತಿಗೆ ಹೊರಗ ಗಾಳಿ ತಂಪಾಗಿರ್ತದ. ಒಳಗಿನ ಬಿಸಿ ಗಾಳಿ ಮ್ಯಾಲೇರಿ ಬೆಳಕಿಂಡಿಲೆ ಹೊರಗ ಹೋಗ್ತದ. ಇನ್ನ ಖರ್ಚಿನ ಮಾತು. ಕಲ್ಲು, ಮಣ್ಣು, ಕಟ್ಟಿಗಿ ಎಲ್ಲಾ ಊರ ಸುತ್ತಮುತ್ತಲಿಂದ. ಕೆಲಸಕ್ಕ ಮುಯ್ಯಾಳು, ಇವತ್ತು ನಿಮ್ಮ ಮನಿಗೆ ನಾವು, ನಾಳೆ ನಮ್ಮ ಮನಿಗೆ ನೀವು. ನೆಲಾ ಸಾರಸೂದು, ಗ್ವಾಡಿ ಬಳಿಯೂದು ಹೆಣ್ಣುಮಕ್ಕಳ ಕೈಯಾಗ. ಹಂಗಾಗಿ ಆವಾಗ ಮದುವಿಗೆ ಸಾಲ ಮಾಡಿದ್ದು ಕೇಳ್ತೀವಿ, ಮನಿ ಕಟ್ಟಾಕ ಸಾಲ ಮಾಡಿದ್ದು ಕಡಿಮಿ.

ಇಷ್ಟು ಹೊಗಳಿದ ಮ್ಯಾಲ ಅದರ ಕೊರತಿನೂ ಹೇಳ್ಬೇಕಲ್ಲಾ. ಕಳ್ಳರ ಅಂಜಿಕಿಗೆ, ಬಿಸಿಲಿನ ಅಂಜಿಕಿಗೆ ಕಿಡಕಿನ ಇಡ್ತಿರಲಿಲ್ಲ. ನಡುಮನಿ ಅಂದ್ರ ಹಗಲಿನ್ಯಾಗೂ ಕತ್ತಲಿ. ದನಾ ಒಳಗ, ಕಾಳು ಒಳಗ, ಒಲಿ ಹೊಗಿ ಒಳಗ. ಗ್ವಾಡಿ ಸಂದ್ಯಾಗ ಇಲಿ, ಹೆಗ್ಗಣ. ಮ್ಯಾಲ ಟನ್‌ಗಟ್ಟಲೆ ಮಣ್ಣಿನ ಭಾರ. ಈ ಒಂದೊಂದು ಕೊರತಿನೂ ನಮಗ ತೋರಿಸಿಕೊಟ್ಟದ್ದು ಒಂದೊಂದು ಆಪತ್ತು.

ಮೊದಲ ಪಾಠ ಪ್ಲೇಗಿಂದು. 1896ರಾಗ ಮುಂಬೈಗೆ ಪ್ಲೇಗ್ ಬಂತು. ಆವಾಗ ಧಾರವಾಡ, ಬೆಳಗಾವಿ, ವಿಜಯಪುರ ಎಲ್ಲಾ ಮುಂಬೈ ಪ್ರಾಂತ್ಯದಾಗ ಇದ್ವು. ರೈಲು ಹಿಡದು ರೋಗ ನಮ್ಮ ಕಡೆ ಇಳೀತು. 1898ರಾಗ ಹುಬ್ಬಳ್ಳಿ ತತ್ತರಿಸಿ ಹೋತು, ಅದೇ ವರ್ಷ ಆಗಸ್ಟ್‌ನ್ಯಾಗ ಬೆಂಗಳೂರಿಗೆ ಮುಟ್ಟಿತು. ಮಂದಿ ಮನಿಗೆ ಕೀಲಿ ಹಾಕಿ ಊರು ಬಿಟ್ಟು ಹೊಲದಾಗ ಗುಡಸಲಾ ಹಾಕ್ಕೊಂಡು ಇದ್ರು. ಹಳೇ ಮಂದಿ ಬಾಯಾಗ "ಪ್ಲೇಗಿನ ಕಾಲಕ್ಕ ಊರು ಬಿಟ್ಟಾಗ" ಅನ್ನೂ ಮಾತು ನೀವೂ ಕೇಳಿರಬೇಕು. ಬೆಂಗಳೂರು ಕಡೆ ಪ್ಲೇಗಮ್ಮನ ಗುಡಿನ ಎದ್ವು.

ರೋಗದ ಹುಳಾ ಯಾವುದು ಅಂತ 1894ರಾಗ ಹಾಂಗ್‌ಕಾಂಗ್‌ನ್ಯಾಗ ಯೆರ್ಸಿನ್ ಅನ್ನಾವ ಕಂಡ್ಹಿಡದಿದ್ದ. ಅದು ಇಲಿ ಮೈಮ್ಯಾಲಿನ ಚಿಗಟದಿಂದ ಮನಷ್ಯಾಗ ಬರ್ತದ ಅಂತ 1898ರಾಗ ಕರಾಚಿಯೊಳಗ ಸಿಮಾಂಡ್ ಅನ್ನೂ ಫ್ರೆಂಚ್ ಡಾಕ್ಟರ್ ತೋರಿಸಿದ. ಆದ್ರ ಅವನ ಮಾತು ಎಲ್ಲಾರೂ ಒಪ್ಪಾಕ ವರ್ಷಗಟ್ಟಲೆ ಹಿಡೀತು. ಅಲ್ಲಿ ತನಕ ಸರ್ಕಾರದ ಮಂದಿ ಕತ್ತಲಿ, ಕೊಳಕು, ಕೆಟ್ಟ ಗಾಳಿನ ರೋಗಕ್ಕ ಕಾರಣ ಅನ್ಕೊಂಡಿದ್ರು. ಮನಿಗೆ ನುಗ್ಗಿ ನೆಲಾ ಅಗದ್ರು, ಸುಣ್ಣ ಬಳದ್ರು, ಬಿಸಿಲು ಬೀಳಲಿ ಅಂತ ಮಾಳಗಿ ಕಿತ್ತು ತೂತು ಮಾಡಿದ್ರು. ದೇವರಮನಿಗೆ, ಅಡಗಿಮನಿಗೆ ಬೂಟು ಹಾಕ್ಕೊಂಡು ಸಿಪಾಯಿಗಳು ಬಂದ್ರ ಯಾರು ಸಹಿಸ್ತಾರ? ಪುಣೆದಾಗ ಈ ಸಿಟ್ಟು ಎಷ್ಟು ಏರಿತು ಅಂದ್ರ 1897ರ ಜೂನ್‌ನ್ಯಾಗ ಚಾಪೇಕರ ಅಣ್ಣತಮ್ಮರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಗುಂಡು ಹಾಕಿ ಕೊಂದ್ರು. ಮನಿ ಸುಧಾರಸ್ಬೇಕು ಅನ್ನೂದು ಚಲೋ ವಿಚಾರನ. ಆದ್ರ ಮನ್ಯಾಗ ಇರಾವ್ರಿಗೆ ತಿಳಿಸಿ ಹೇಳದ, ಜುಲುಮಿಲೆ ಮಾಡಿದ್ರ ಹಿಂಗ ಆಗ್ತದ.

ಆದ್ರೂ ಪ್ಲೇಗ್ ಹೋದ ಮ್ಯಾಲ ಪಾಠ ಉಳೀತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣಿ ಬೆಳದದ್ದು ಆ ಕಾಲಕ್ಕನ. ಅಗಲ ರಸ್ತೆ, ಮನಿ-ಮನಿ ನಡುವ ಜಾಗಾ, ಹಿಂದ ಗಲೀಜು ಸಾಗಸಾಕ ಸಣ್ಣ ಓಣಿ. ನಮ್ಮ ಊರುಗಳ್ಯಾಗೂ ಮುಂದ ಕಟ್ಟಿದ ಮನಿಗೆ ಕಿಡಕಿ ಬಂದ್ವು, ದನಾ ಹಿತ್ತಲ ಕೊಟ್ಟಗಿಗೆ ಹೋದ್ವು. ಗ್ವಾಡ್ಯಾಗ ಕಿಡಕಿ ಇರೂದು ಈಗ ನಮಗ ಏನೂ ಅನಸೂದಿಲ್ಲ. ಅದರ ಹಿಂದ ಎಷ್ಟೋ ಜೀವ ಹೋಗ್ಯಾವ.

ಹಂಚಿನ ಮಾತು ಬ್ಯಾರೆ ಅದ, ಅದು ಆಪತ್ತಿನಿಂದ ಬಂದದ್ದಲ್ಲ. 1865ರಾಗ ಮಂಗಳೂರಿನ ಜೆಪ್ಪುದಾಗ ಬಾಸೆಲ್ ಮಿಶನ್‌ನ ಪ್ಲೆಬ್‌ಸ್ಟ್ ಅನ್ನಾವ್ರು ಹಂಚಿನ ಕಾರ್ಖಾನಿ ಚಾಲೂ ಮಾಡಿದ್ರು. ಒಂದಕ್ಕೊಂದು ಕಚ್ಚಿ ಕೂಡೂ ಹಂಚು, ಹಗುರ, ಬೆಂಕಿ ಹತ್ತೂದಿಲ್ಲ, ಸಂದ್ಯಾಗಿಂದ ಗಾಳಿ ಆಡ್ತದ. ಧಾರವಾಡ, ಹಳಿಯಾಳ, ಬೆಳಗಾವಿಯಂಥಾ ಮಳಿ ಊರಿಗೆ ಅದು ಭಾಳ ಒಗ್ಗಿತು. ನಮ್ಮ ಒಣ ಸೀಮ್ಯಾಗ ಮಾತ್ರ ಮಾಳಗಿನ ಉಳೀತು, ಯಾಕಂದ್ರ ಅದರ ಮ್ಯಾಲ ಕಾಳು, ಮೆಣಸಿನಕಾಯಿ, ಶಾವಗಿ ಒಣಗಸಾಕ ಬರ್ತದ, ಬ್ಯಾಸಗಿ ರಾತ್ರಿ ಮಲಗಾಕೂ ಬರ್ತದ.

ಎರಡನೇ ಪಾಠ ಒಲಿದು. ಇದನ್ನ ಯಾರೂ ಆಪತ್ತು ಅಂತ ಕರೀಲೇ ಇಲ್ಲ, ಯಾಕಂದ್ರ ಅದು ದಿನಾ ಆಗ್ತಿತ್ತು, ಹೆಣ್ಣುಮಕ್ಕಳಿಗೆ ಆಗ್ತಿತ್ತು. ನಮ್ಮ ಅತ್ತಿಯವರಿಗೆ ಈಗ ಎಂಬತ್ತರ ಸನೇಕ. ಒಂದಿನಾ ಬೀಡಿ ಮುಟ್ಟಿದವರಲ್ಲ, ಆದ್ರೂ ದಮ್ಮು. ಡಾಕ್ಟರ್ ಕೇಳಿದ ಮೊದಲ ಪ್ರಶ್ನಿ, "ಎಷ್ಟು ವರ್ಷ ಕಟ್ಟಿಗಿ ಒಲಿ ಮುಂದ ಕುಂತೀರಿ?"

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗ 1974ರಾಗ ಪ್ರೊಫೆಸರ್ ಅಮೂಲ್ಯ ರೆಡ್ಡಿ ಅವರು "ಅಸ್ತ್ರ" ಅಂತ ಒಂದು ವಿಭಾಗ ತೆಗದ್ರು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡೂದು ಅದರ ಕೆಲಸ. ತುಮಕೂರು ಜಿಲ್ಲಾದ ಉಂಗ್ರ ಊರಾಗ ಕೇಂದ್ರ ಮಾಡ್ಕೊಂಡು, ಹಳ್ಳಿ ಹೆಣ್ಣುಮಕ್ಕಳ ದಿನದ ಕೆಲಸಕ್ಕ ಎಷ್ಟು ಕಟ್ಟಿಗಿ ಬೇಕು, ಎಷ್ಟು ತಾಸು ಬೇಕು ಅಂತ ಲೆಕ್ಕಾ ಹಾಕಿದ್ರು. ಅದರಿಂದ ಹುಟ್ಟಿದ್ದು ಅಸ್ತ್ರ ಒಲಿ. ಮೂರು ಪಾತೇಲಿ ಒಮ್ಮೆ ಇಡೂ ಹಂಗ, ಬೆಂಕಿ ಒಳಗ ಮುಚ್ಚಿದ್ದು, ಹೊಗಿ ಕೊಳವಿಲೆ ಮಾಳಗಿ ಮ್ಯಾಲ. ಕಟ್ಟಿಗಿ ಉಳೀತು, ಕಣ್ಣುರಿ ಹೋತು. 1980ರ ದಶಕದಾಗ ಇಂಥಾ ಒಲಿ ಊರೂರಿಗೆ ಬಂದ್ವು. ಕೊಳವಿಗೆ ಕಾಡಿಗಿ ಕಟ್ಟಿದ್ರ ತಗದು ಝಾಡಿಸಬೇಕು ಅಂತ ತಿಳಿಸಿ ಹೇಳಿದ ಮನ್ಯಾಗ ಒಲಿ ಬಾಳಿಕಿ ಬಂತು. ಹೇಳದ ಮನ್ಯಾಗ ಹೊಗಿ ವಾಪಸ್ ಬಂತು, ಮಂದಿ ಒಡದು ಹಳೇ ಒಲಿನ ಹಾಕ್ಕೊಂಡ್ರು.

ಈಗ ಗ್ಯಾಸ್ ಬಂದದ, ಭಾಳ ಚಲೋ ಆತು. ಆದ್ರ ಗ್ಯಾಸ್ ಬಂತು ಅಂತ ಅಡಗಿಮನಿ ಬೆಳಕಿಂಡಿನ ಮುಚ್ಚಿಬಿಟ್ಟೀವಿ. ಒಗ್ಗರಣಿ ಘಾಟು, ಉಗಿ ಎಲ್ಲಾ ಒಳಗ ತಿರಗ್ತದ, ಗ್ವಾಡಿಗೆ ಬೂಸ್ಟು ಹಿಡೀತದ. ಹಿತ್ತಲದಾಗ ನೀರು ಕಾಸೂ ಒಲಿ ಇನ್ನೂ ಹೊಗಿ ಉಗುಳ್ತದ. ಹೊಗಿ ಕಡಿಮಿ ಆತು ಅಂದ್ರ ಗಾಳಿ ಬ್ಯಾಡ ಅಂತ ಅಲ್ಲ.

ಮೂರನೇ ಪಾಠ ಎಲ್ಲಾದಕ್ಕಿಂತ ಘೋರ. 1993ರ ಸಪ್ಟೆಂಬರ್ 30, ನಸುಕಿನ್ಯಾಗ ನಾಕು ಗಂಟಿ ಹೊತ್ತಿಗೆ ಮಹಾರಾಷ್ಟ್ರದ ಲಾತೂರ್ ಜಿಲ್ಲಾದ ಕಿಲ್ಲಾರಿಯೊಳಗ ಭೂಕಂಪ ಆತು. ಗಣಪತಿ ಕಳಿಸಿ ಬಂದು ಮಂದಿ ಒಳಗ ಗಾಢ ನಿದ್ದ್ಯಾಗ ಇದ್ರು. ಸುಮಾರು 8 ಸಾವಿರ ಮಂದಿ ಹೋದ್ರು. ನನ್ನ ಮಾಂಶಿ ಮಗಳನ್ನ ಆಳಂದ ಕಡೆ ಕೊಟ್ಟಿದ್ರು. ಅವರ ಮನಿ ಗ್ವಾಡಿನೂ ಆ ನಸುಕಿನ್ಯಾಗ ಸೀಳಿತು, ಆಮ್ಯಾಲ ಎಷ್ಟೋ ದಿನಾ ಅವರು ಅಂಗಳದಾಗ ಮಲಗಿದ್ರು.

ಕಿಲ್ಲಾರಿ ಮನಿ ನಮ್ಮ ಮನಿಯಂಥಾವ, ಕಲ್ಲಿನ ದಪ್ಪ ಗ್ವಾಡಿ, ಮ್ಯಾಲ ಮಣ್ಣಿನ ಮಾಳಗಿ. ಅಷ್ಟು ಮಂದಿ ಸತ್ತದ್ದು ಯಾಕ ಅಂತ ಇಂಜಿನಿಯರರು ನೋಡಿದಾಗ ಎರಡು ಮಾತು ಕಂಡ್ವು. ಒಂದು, ಗ್ವಾಡಿ ದಪ್ಪ ಇದ್ರೂ ಅದು ಒಂದು ಗ್ವಾಡಿ ಅಲ್ಲ. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಕಲ್ಲಿನ ಸಾಲು, ನಡುವ ಮಣ್ಣು, ಹರಳು. ಎರಡೂ ಸಾಲು ಹಿಡದು ನಿಲ್ಲಸೂ ಅಡ್ಡ ಉದ್ದನ ಕಲ್ಲು ಇರಲಿಲ್ಲ. ಅಲುಗಿದ ಕೂಡ್ಲೆ ಸಿಪ್ಪಿ ಸುಲದಂಗ ಎರಡೂ ಕಡೆ ಬಿದ್ವು. ಎರಡನೇದು ಮಾಳಗಿ ಭಾರ. ಸೋರಬಾರದು ಅಂತ ಹೊಸ ಮಣ್ಣು ಹಾಕ್ತಾ ಹೋದ್ರು, ಹಳೇ ಮಣ್ಣು ತಗೀಲಿಲ್ಲ. ಒಂದು ಫೂಟು ಇದ್ದದ್ದು ಎರಡು ಫೂಟು ಆತು. ಮನಿ ಮ್ಯಾಲಿನ ಕಾಳಜಿನ ಮನಿಗೆ ಭಾರ ಆತು ನೋಡ್ರಿ.

ಆದ್ರ ಇನ್ನೊಂದು ಮಾತೂ ಅಲ್ಲೆ ಕಂಡಿತು. ಕಟ್ಟಿಗಿ ಕಂಬ, ತೊಲಿ, ಜಂತಿ ಗಟ್ಟ್ಯಾಗಿ ಹೆಣದಿದ್ದ ಎಷ್ಟೋ ಮನ್ಯಾಗ ಗ್ವಾಡಿ ಹೊರಗ ಬಿದ್ರೂ ಮಾಳಗಿ ಕಂಬದ ಮ್ಯಾಲ ನಿಂತಿತ್ತು, ಒಳಗಿದ್ದಾವ್ರು ಉಳಿದ್ರು. ಹಳೇ ಮನಿ ಎಲ್ಲಾ ಕೆಟ್ಟದ್ದೂ ಅಲ್ಲ, ಎಲ್ಲಾ ಚಲೋದೂ ಅಲ್ಲ ಅಂತ ನಾ ಹೇಳೂದು ಇದಕ್ಕ. ಮುಂದ ಸರ್ಕಾರ ದೊಡ್ಡ ಪುನರ್ವಸತಿ ಯೋಜನಾ ಮಾಡಿತು. ಮಾಳಗಿ ಮಣ್ಣು ಕಡಿಮಿ ಮಾಡೂದು, ಗ್ವಾಡ್ಯಾಗ ಅಡ್ಡಗಲ್ಲು ಸೇರಸೂದು, ಬಾಗಲ-ಕಿಡಕಿ ಮ್ಯಾಲ ಮನಿ ಸುತ್ತ ಒಂದು ಪಟ್ಟಿ ಕಟ್ಟೂದು ಅಂತ ಕಲಿಸಿದ್ರು. ನಡಕ್ಕ ಡಾಬು ಕಟ್ಟಿದಂಗ ಅನ್ರಿ, ಆ ಪಟ್ಟಿ ನಾಕೂ ಗ್ವಾಡಿ ಕೂಡಿಸಿ ಹಿಡೀತದ.

ನಾಕನೇ ಪಾಠ ನೀರಿಂದು. 2009ರ ಸಪ್ಟೆಂಬರ್ ಕಡಿ, ಅಕ್ಟೋಬರ್ ಮೊದಲಿನ್ಯಾಗ ಬಿದ್ದ ಮಳಿ ಯಾರು ಮರೀತೀರಿ? ಉತ್ತರ ಕರ್ನಾಟಕದಾಗ ಲಕ್ಷಗಟ್ಟಲೆ ಮನಿಗೆ ಪೆಟ್ಟಾತು. 2019ರ ಆಗಸ್ಟ್‌ನ್ಯಾಗ ಮತ್ತ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಉಕ್ಕಿದ್ವು. ಮಣ್ಣಿನ ಗ್ವಾಡಿ ಮಳಿ ತಡೀತದ, ಆದ್ರ ಬುಡಕ್ಕ ನೀರು ನಿಂತ್ರ ತಡಿಯೂದಿಲ್ಲ. ಸಕ್ಕರಿ ಗೊಂಬಿ ಕರಗಿದಂಗ ಬುಡದಿಂದ ಕರಗಿ ಕುಸೀತದ. ಕಲ್ಲಿನ ಪಾಯಾ ನೆಲದಿಂದ ಎತ್ತರಕ್ಕ ಎಬ್ಬಿಸಿದ್ದ ಮನಿ ಭಾಳ ಕಡೆ ನಿಂತ್ವು.

ಇದಕ್ಕೂ ಅಸ್ತ್ರದಾವ್ರು ಆಗಲೇ ದಾರಿ ಹುಡಿಕಿದ್ರು. ಪ್ರೊಫೆಸರ್ ಕೆ. ಎಸ್. ಜಗದೀಶ್ ಮತ್ತ ಅವರ ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಕೂಡಿಸಿ, ನೂರು ಪಾಲಿಗೆ ಐದರಿಂದ ಎಂಟು ಪಾಲಿನಷ್ಟು, ಕೈಲೆ ಒತ್ತೂ ಮಷೀನ್‌ನ್ಯಾಗ ಇಟ್ಟಂಗಿ ಮಾಡೂದು ಕಲಿಸಿದ್ರು. ಇಂಥಾ ಕೈಮಷೀನ್ ಮೊದಲು ಬಂದದ್ದು 1950ರ ದಶಕದಾಗ, ದಕ್ಷಿಣ ಅಮೆರಿಕಾದ ಕೊಲಂಬಿಯಾದಾಗ. ಈ ಇಟ್ಟಂಗಿ ಭಟ್ಟ್ಯಾಗ ಸುಡೂದು ಬ್ಯಾಡ, ನೀರು ಹೊಡದು ಮೂರು-ನಾಕು ವಾರ ಹದಾ ಮಾಡಿದ್ರ ಆತು. ಕಟ್ಟಿಗಿ ಉಳೀತದ, ಹೊಗಿ ಇಲ್ಲ, ಗ್ವಾಡಿಗೆ ಗಿಲಾವ್ ಸೈತ ಬೇಕಂತಿಲ್ಲ. ಒಂದು ಮಾತು ನೆನಪಿಡ್ರಿ, ನಮ್ಮ ಎರಿ ಮಣ್ಣು ಇದಕ್ಕ ನಡಿಯೂದಿಲ್ಲ. ಅದು ನೀರು ಕುಡದು ಉಬ್ಬತದ, ಒಣಗಿದ್ರ ಬಿರೀತದ. ಉಸುಕಿನಂಶ ಇರೂ ಕೆಂಪು ಮಣ್ಣು ಬೇಕು. ಎರಿ ನೆಲದಾಗ ಪಾಯಾ ಆಳಕ್ಕ ಹೋಗಬೇಕಾದ್ದೂ ಇದಕ್ಕ.

ಇನ್ನ ಈಗಿನ ಸ್ಲ್ಯಾಬ್ ಮನಿ. ಸೋರೂದಿಲ್ಲ, ಇಲಿ ಇಲ್ಲ, ವರ್ಷಾ ಮಣ್ಣು ಹೊರೂ ತ್ರಾಸಿಲ್ಲ. ಹೆಣ್ಣುಮಕ್ಕಳ ಕೆಲಸ ಕಡಿಮಿ ಆಗ್ಯದ, ಅದನ್ನ ನಾ ಅಲ್ಲಗಳಿಯೂದಿಲ್ಲ. ಆದ್ರ ನಾಕೈದು ಇಂಚಿನ ಸಿಮೆಂಟ್ ಮಧ್ಯಾಹ್ನದಾಗ ಕಾದು ರಾತ್ರಿ ಪೂರಾ ಆ ಕಾವು ಕೆಳಗ ಬಿಡ್ತದ. ವಯಸ್ಸಾದಾವ್ರು, ಬಾಣಂತ್ಯಾರು, ಕೂಸುಗೋಳು ಅದರ ಬುಡಕ ಬೇಯ್ತಾರ. ಅಹಮದಾಬಾದ್‌ನ್ಯಾಗ 2010ರ ಬ್ಯಾಸಗಿ ಬಿಸಿಗಾಳಿಗೆ ಮಂದಿ ಸತ್ತ ಮ್ಯಾಲ 2013ರಾಗ ಊರಿಗೇ ಒಂದು ಬಿಸಿಲಿನ ಯೋಜನಾ ಮಾಡಿದ್ರು. ಬಡವರ ಮನಿ ಮಾಳಗಿಗೆ ಬಿಳಿ ಸುಣ್ಣ ಬಳಿಯೂದೂ ಮುಂದ ಅದ್ರಾಗ ಸೇರಿತು. ಬಿಳಿ ಬಣ್ಣ ಬಿಸಿಲನ್ನ ವಾಪಸ್ ಕಳಸ್ತದ. ಒಂದು ಚೀಲ ಸುಣ್ಣ, ಒಂದು ಕಸಬರಗಿ ಇದ್ರ ನಾವೂ ಮಾಡಬಹುದು.

ಸ್ಲ್ಯಾಬ್ ಕಾಲದಾಗ ಮನಿಮಾಲಕರಿಗೆ ತಿಳಿಸಿ ಹೇಳೂ ಕೆಲಸ ಯಾರು ಛಂದ ಮಾಡಿದ್ರು ಅಂದ್ರ ಲಾರಿ ಬೇಕರ್. 1917ರಾಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ್ಯಾಗ ಹುಟ್ಟಿ, 1945ರಾಗ ಕುಷ್ಠರೋಗಿಗಳಿಗೆ ದವಾಖಾನಿ ಕಟ್ಟಾಕ ಭಾರತಕ್ಕ ಬಂದವರು. ಹಿಮಾಲಯದ ಪಿಥೌರಾಗಢದಾಗ ಡಾಕ್ಟರ್ ಹೆಂಡತಿ ಜೋಡಿ ವರ್ಷಗಟ್ಟಲೆ ಇದ್ದು, ಅಲ್ಲಿ ಹಳ್ಳಿ ಮಂದಿ ಕಟ್ಟೂದನ್ನ ನೋಡಿ ಕಲ್ತರು. ಆಮ್ಯಾಲ ಕೇರಳದಾಗ ನೆಲಿ ನಿಂತ್ರು. ಮನಿಗೆ ಬೇಕಾದ ಸಾಮಾನು ಐದು ಮೈಲಿ ಒಳಗ ಸಿಗಬೇಕು ಅಂತ ಗಾಂಧೀಜಿ ತಮಗ ಹೇಳಿದ್ರು ಅಂತ ಅವರು ನೆನಸ್ತಿದ್ರು. ನಮ್ಮ ಮಾಳಗಿ ಮನಿ ಐದು ಮೈಲಿ ಒಳಗಿಂದನ ಅಲ್ಲೇನ್ರಿ?

ಬೇಕರ್ ಇಟ್ಟಂಗಿನ ಅಡ್ಡ ಮಲಗಸದ ಹಣಿಮ್ಯಾಲ ನಿಲ್ಲಿಸಿ, ನಡುವ ಪೊಳ್ಳು ಬಿಟ್ಟು ಗ್ವಾಡಿ ಕಟ್ಟಿಸ್ತಿದ್ರು. ಇಟ್ಟಂಗಿ ನಾಕನೇ ಒಂದು ಪಾಲು ಉಳೀತಿತ್ತು, ಒಳಗಿನ ಗಾಳಿ ಬಿಸಿಲು ತಡೀತಿತ್ತು. ಸ್ಲ್ಯಾಬಿನ ಕೆಳಭಾಗದಾಗ ಹಳೇ ಮಂಗಳೂರು ಹಂಚು ಕೂಡಿಸಿ ಸಿಮೆಂಟ್, ಕಬ್ಬಣ ಉಳಸ್ತಿದ್ರು. ಅದಕ್ಕಿಂತ ದೊಡ್ಡದು, ಯಾವುದು ಬೇಕು, ಯಾವುದು ಸುಮ್ನ ಖರ್ಚು ಅಂತ ತಮ್ಮ ಕೈಲೆ ಚಿತ್ರಾ ಬರದು ಸಣ್ಣ ಸಣ್ಣ ಪುಸ್ತಕಾ ಮಾಡಿ ಸಾಮಾನ್ಯ ಮಂದಿ ಕೈಗೆ ಕೊಟ್ರು. 1985ರಾಗ ತ್ರಿಶೂರಿನ್ಯಾಗ ಕಾಸ್ಟ್‌ಫೋರ್ಡ್ ಅನ್ನೂ ಸಂಸ್ಥೆ ಅವರ ಜೋಡಿ ಹುಟ್ಟಿತು. ಅದೇ ದಶಕದಾಗ ಕೇರಳದ ಕೊಲ್ಲಂನ್ಯಾಗ ಮೊದಲ ನಿರ್ಮಿತಿ ಕೇಂದ್ರ ಆತು, ಆಮ್ಯಾಲ ನಮ್ಮ ಜಿಲ್ಲಾಗಳಿಗೂ ಬಂತು. ಬೇಕರ್ 2007ರಾಗ ತೀರಿಕೊಂಡ್ರು.

ಈ ನೂರಾ ಇಪ್ಪತ್ತೈದು ವರ್ಷದ ಕತಿ ಒಂದ ಮಾತು ಹೇಳ್ತದ. ಪ್ರತಿ ಆಪತ್ತಿನ್ಯಾಗೂ ನಾವು ಒಂದು ಕಲ್ತೀವಿ, ಕಲಿಯೂ ಗಡಿಬಿಡ್ಯಾಗ ಇನ್ನೊಂದು ಬಿಟ್ಟೀವಿ. ಇಲಿ ಓಡಸಾಕ ಹೋಗಿ ತಂಪು ಓಡಿಸಿದ್ವಿ, ಹೊಗಿ ಹೋತು ಅಂತ ಗಾಳಿ ಮುಚ್ಚಿದ್ವಿ, ಭಾರ ಇಳಸಾಕ ಹೋಗಿ ಸಾಲದ ಭಾರ ಹೊತ್ವಿ. ಎರಡನ್ನೂ ಕೂಡಿಸಿ ಇಟ್ಕೊಳ್ಳೂದು ಆಗದ ಕೆಲಸ ಅಲ್ಲ.

ಹಂಗಾಗಿ ಮನಿ ಮಾತು ನಡದಾಗ ಚಹಾ ಕೊಟ್ಟು ಒಳಗ ಹೋಗಬ್ಯಾಡ್ರಿ, ಅಲ್ಲೆ ಕುಂದರ್ರಿ, ಕೇಳ್ರಿ. ಹಳೇ ಮನಿ ಉಳಸೂದಿದ್ರ, ಮಾಳಗಿ ಮ್ಯಾಲ ಎಷ್ಟು ಮಣ್ಣು ಅದ, ಕಂಬ-ತೊಲಿಗೆ ಗೆದ್ದಲ ಹತ್ತ್ಯದೇನು, ಗ್ವಾಡಿ ಹೊಟ್ಟಿ ಉಬ್ಬ್ಯದೇನು ಅಂತ ತಿಳದಾವ್ರಿಗೆ ತೋರಸ್ರಿ. ಉಬ್ಬಿದ ಗ್ವಾಡಿ ಬುಡಕ ಯಾರನ್ನೂ ಮಲಗಸಬ್ಯಾಡ್ರಿ. ಹೊಸಾದು ಕಟ್ಟೂದಿದ್ರ, ಪಾಯಾ ಹಿಂದಿನ ಹೊಳಿ ನೀರಿನ ಗುರುತಿಗಿಂತ ಎತ್ತರ ಅದ ಏನು, ಬಾಗಲ ಮ್ಯಾಲಿನ ಪಟ್ಟಿ ನಾಕೂ ಗ್ವಾಡಿ ಸುತ್ತತದ ಏನು, ಕಿಡಕಿ ಎದುರುಬದುರು ಅವ ಏನು, ಅಡಗಿಮನ್ಯಾಗ ಮ್ಯಾಲ ಗಾಳಿ ಹೋಗಾಕ ದಾರಿ ಅದ ಏನು ಅಂತ ಗೌಂಡಿಗೆ ಕೇಳ್ರಿ. ಹಳೇ ತೊಲಿ, ಬಾಗಲ, ಕಲ್ಲು, ಫರಸಿ ಮಾರೂಕಿಂತ ಮೊದಲು ಹೊಸ ಮನ್ಯಾಗ ಎಲ್ಲೆ ಕೂಡ್ತಾವ ನೋಡ್ರಿ. ಮಣ್ಣಿನ ಇಟ್ಟಂಗಿ, ಹಂಚಿನ ಸ್ಲ್ಯಾಬ್ ಬಗ್ಗೆ ಜಿಲ್ಲಾ ನಿರ್ಮಿತಿ ಕೇಂದ್ರದಾಗ ವಿಚಾರಸ್ರಿ. "ನಿಮಗೇನು ತಿಳೀತದ" ಅಂತ ಯಾರರೆ ಅಂದ್ರ, ಆ ಮನ್ಯಾಗ ಎಷ್ಟು ತಾಸು ಯಾರು ಇರ್ತಾರ ಅಂತ ಒಂದು ಪ್ರಶ್ನಿ ಕೇಳ್ರಿ, ಸಾಕು.

ನಮ್ಮ ಮನ್ಯಾಗ ಮಾತು ಇನ್ನೂ ಮುಗದಿಲ್ಲ. ಕಂಬ, ತೊಲಿ ಗಟ್ಟಿ ಅವ, ಪಡಸಾಲಿ ಉಳಿಸಿ ಹಿಂದಿನ ಅರ್ಧ ಹೊಸಾದು ಕಟ್ಟೋಣು ಅಂತ ನಾ ಹೇಳೀನಿ. ನೋಡೋಣು, ಏನಾಗ್ತದ. ನಿಮ್ಮ ಕಡೆ ಹಳೇ ಮನಿ ರಿಪೇರಿ ಮಾಡ್ಕೊಂಡಾವ್ರು ಇದ್ರ ಎಷ್ಟು ಖರ್ಚಾತು, ಯಾವ ಗೌಂಡಿ ಚಲೋ ಅಂತ ತಿಳಸ್ರಿ. ಬ್ಯಾಸಗಿ ಬಂತು, ಮಾಳಗಿಗೆ ಸುಣ್ಣ ಬಳಿಯೂದು ಮರೀಬ್ಯಾಡ್ರಿ.